ತೆರೆದಗಸಿಯ ಬಾಗಿಲು

ನಮ್ಮೂರಿಗೆ ಬರುವವರು ಬಸ್ಸಿಳಿಯುವುದೇ ತೆರೆದಗಸಿಯ ಮುಂದೆ. ಎರಡಾಳೆತ್ತರದ ಕಲ್ಲಿನ ಕಮಾನು, ಒಳಗೆ ಕಾವಲಿನವರು ಕೂರುತ್ತಿದ್ದ ಕಟ್ಟೆ, ಹಾಸುಗಲ್ಲಿನಲ್ಲಿ ಬಾಗಿಲು ತಿರುಗುತ್ತಿದ್ದ ಎರಡು ಕುಳಿ. ಅಗಸಿ ಎಂದರೆ ಊರಬಾಗಿಲು, ಆದರೆ ಬಾಗಿಲು ಮಾತ್ರ ಇಲ್ಲ. ಪಕ್ಕದಲ್ಲೊಂದು ನೀಲಿ ಹಲಗೆಯಿದೆ: 'ಹಿಂದೆ ಒಮ್ಮೆ ಬರಗಾಲದಲ್ಲಿ, ಹಸಿದು ಬಂದ ದಾರಿಹೋಕರಿಗೆ ಅಡ್ಡಿಯಾಗಬಾರದೆಂದು ಈ ಊರಿನ ಹಿರಿಯ ದ್ಯಾವಪ್ಪ ಅಗಸಿಮನಿಯವರು ಊರಬಾಗಿಲನ್ನೇ ಕೀಳಿಸಿದರು. ಅಂದಿನಿಂದ ಇದು ತೆರೆದಗಸಿಯಾಯಿತು ಎನ್ನುತ್ತಾರೆ.' ಎನ್ನುತ್ತಾರೆ, ನಿಜ. ಹೆಸರು ಹಳೆಯದೇ, ಆದರೆ ಅದಕ್ಕೆ ಈ ಕಾರಣ ಹೇಳಲು ಶುರುಮಾಡಿದವಳು ನಾನು. ದ್ಯಾವಪ್ಪ ನನ್ನ ತವರುಮನೆಯ ಏಳು ತಲೆ ಹಿಂದಿನವನು. ನನಗೆ ಇಪ್ಪತ್ತೆರಡಾಗಿದ್ದಾಗ ಶಾಲೆಯ ಸ್ಮರಣ ಸಂಚಿಕೆಗೆ ಊರಿನ ಐತಿಹ್ಯ ಬರೆದುಕೊಡು ಎಂದರು. ನಾನು ಯಾರನ್ನೂ ಕೇಳಲಿಲ್ಲ. ಧಾರವಾಡದಲ್ಲಿ ಬಸ್ಸು ಹತ್ತಿ, ಊರು ಬರುವಷ್ಟರಲ್ಲಿ ಕಟ್ಟಿ ಮುಗಿಸಿದ್ದೆ. ಬರಗಾಲ ನನ್ನದು, ದಾರಿಹೋಕರೂ ನನ್ನವರೇ. ಆಮೇಲೆ ದೇಶದೇಶ ತಿರುಗಿ, ಎಷ್ಟೋ ಕೋಟೆಬಾಗಿಲುಗಳ ಮುಂದೆ ನಿಂತು, ಅಲ್ಲಿಯವರು ಹೇಳುವ ಕಥೆಗಳಿಗೆ ಒಳಗೊಳಗೇ ನಕ್ಕೆ. ಅಷ್ಟರಲ್ಲಿ ನನ್ನ ಕಥೆ ನೀಲಿ ಹಲಗೆ ಏರಿ ಕೂತಿತ್ತು.

ಹೋದ ವರ್ಷ ನನ್ನ ದೊಡ್ಡಪ್ಪನ ಮಗ ಚಂದ್ರಾಮಣ್ಣ ಮನೆತನದ ವಂಶವೃಕ್ಷ ಅಚ್ಚು ಹಾಕಿಸಲು ಹೊರಟ. ಹೆಸರುಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಡೆ ಇಂಥದಕ್ಕೆ ಹೆಳವರಿದ್ದಾರೆ. ತಲೆತಲಾಂತರದಿಂದ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆಮನೆಯ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳಿ ಜೋಳ ಪಡೆದು ಹೋಗುವವರು ಅವರು. ನಮ್ಮ ಮನೆಯ ಹೆಳವ ಸಿದ್ರಾಮ ಈಗ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾನೆ, ಗಂಟೆ ಮಾತ್ರ ಅದೇ. ಹಜಾರದಲ್ಲಿ ಕೂತು ಒಂದೊಂದೇ ತಲೆಮಾರು ಇಳಿಯುತ್ತ ಬಂದವನು ದ್ಯಾವಪ್ಪನ ಹತ್ತಿರ ದನಿ ಏರಿಸಿ, ಬರಗಾಲವನ್ನೂ ಹಸಿದ ದಾರಿಹೋಕರನ್ನೂ ರಾಗವಾಗಿ ಹಾಡಿದ. ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟೆ. "ಇದನ್ನ ಯಾರು ಕಲಿಸಿದ್ರೋ ತಮ್ಮಾ?" ಎಂದೆ. "ಕಲಿಸೋದೇನ್ರಿ ಅಕ್ಕಾರ? ನೀವು ಬರದ ಪುಸ್ತಕದಾಗ ಐತೆಲ್ರಿ! ಹಾಡಾಕ ಭಾಳ ಚಲೋ ಕೂಡತೈತಿ" ಎಂದ. ಮೊದಲು ಅಲ್ಲಿ ಏನಿತ್ತು ಎಂದು ಕೇಳಿದರೆ, "ಅಪ್ಪ ಏನೋ ಅಂತಿದ್ದ. ಅದನ್ನ ಹೇಳಿದ್ರ ಯಾರೂ ಜ್ವಾಳ ನೀಡೂದಿಲ್ಲ ಬಿಡ್ರಿ" ಎಂದು ನಕ್ಕ.

ಅದನ್ನೇ ಕೇಳಲು ಅವನ ಮನೆಗೆ ಹೋದೆ. ಅಪ್ಪ ಲಗಮಪ್ಪ ಬೇವಿನ ಮರದಡಿ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಹೋಗಿತ್ತು, ನಾಲಗೆ ನೆಟ್ಟಗಿತ್ತು. "ಅಗಸಿಮನಿಯಾಕೇನು? ನಿಮ್ಮವರು ಅದನ್ನ ಹಾಡೂದು ಬಿಡು ಅಂತ ನಮ್ಮಜ್ಜಗ ಒಂದು ಸೇರು ಜ್ವಾಳ ಹೆಚ್ಚಿಗಿ ನೀಡ್ತಿದ್ರು. ಹೇಳು ಅಂತ ಬಂದಾಕಿ ನೀನ ಮೊದಲು" ಎಂದ. ಅವನು ಹೇಳಿದ್ದು ಇದು.

ಹಿಂದೆ ಒಮ್ಮೆ, ಪೆಂಡಾರಿಗಳು ಊರು ಸೂರೆ ಮಾಡುತ್ತಿದ್ದ ಕಾಲದಲ್ಲಿ, ದ್ಯಾವಪ್ಪ ಈ ಅಗಸಿಯ ಕಾವಲಿಗಿದ್ದ. ತಂಗಿ ನೀಲವ್ವನನ್ನು ಎರಡು ಹರದಾರಿಯಾಚೆಯ ಕಾರೇದಿನ್ನಿಗೆ ಕೊಟ್ಟಿದ್ದರು. ದೀಪಾವಳಿಯಲ್ಲಿ ಅಣ್ಣನಿಗೆ ಆರತಿ ಎತ್ತಲು ಅವಳು ತವರಿಗೆ ಹೊರಟಿದ್ದಳು. ಹೊತ್ತು ನೆತ್ತಿಗೇರಿದಾಗ ಹಳ್ಳದಾಚೆ ಧೂಳೆದ್ದಿತು. ಹೊಲದಲ್ಲಿದ್ದವರೆಲ್ಲ ಒಳಗೋಡಿ ಬಂದರು. ಬಾಗಿಲು ಬಿತ್ತು, ಅಗಳಿ ಬಿತ್ತು. ಆಮೇಲೆ ಬಂದವಳು ನೀಲವ್ವ ಒಬ್ಬಳೇ. ಬಂಡಿ ಬಿಟ್ಟು ಓಡಿ ಬಂದಿದ್ದಳು. ಎರಡೂ ಕೈಯಿಂದ ಬಾಗಿಲು ಬಡಿದಳು, ಅಣ್ಣನನ್ನು ಕರೆದಳು. ಕುದುರೆಗಳು ಇನ್ನೂ ಹಳ್ಳ ದಾಟಿರಲಿಲ್ಲ, ಅಗಳಿ ಎತ್ತಿ ಒಬ್ಬರನ್ನು ಒಳಗೆಳೆದುಕೊಳ್ಳುವಷ್ಟು ಹೊತ್ತಿತ್ತು ಎನ್ನುತ್ತಾರೆ ಹೆಳವರು. ದ್ಯಾವಪ್ಪ ಎತ್ತಲಿಲ್ಲ. ಕಥೆ ಇಲ್ಲಿಗೆ ಬಂದಾಗ ನಾನು ತಡೆಯಲಾರದೆ, "ಗದ್ದಲದಾಗ ದನಿ ಗುರ್ತು ಹತ್ತಿರಲಿಕ್ಕಿಲ್ಲಜ್ಜಾ" ಎಂದೆ. ಮುದುಕ ಕುರುಡುಗಣ್ಣನ್ನು ನನ್ನ ಕಡೆ ತಿರುಗಿಸಿದ. "ಗುರ್ತು ಹತ್ತಲಿಲ್ಲಂದ್ರ, 'ತಂಗೆವ್ವಾ, ಒಂದೀಟು ತಡಿ' ಅಂತ ಒಳಗಿಂದ ಯಾಂವ ಅಂದ? ಹಾಡಿನ್ಯಾಗ ಅವನ ಮಾತು ಅದೊಂದ ಐತಿ."

ಪೆಂಡಾರಿಗಳಿಗೆ ಬಾಗಿಲು ಮುರಿಯಲಾಗಲಿಲ್ಲ. ಅವರು ಹೋದ ಮೇಲೆ ಅಗಳಿ ಎತ್ತಿದರೆ ನೀಲವ್ವ ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದಳು. ದ್ಯಾವಪ್ಪ ಅಗಸಿಯ ಜೋಡಿ ಬಾಗಿಲಲ್ಲಿ ಒಂದನ್ನು ಕೀಳಿಸಿ, ತಂಗಿಯನ್ನು ಅದರ ಮೇಲೆ ಮಲಗಿಸಿ, ತಾನೂ ಹೆಗಲು ಕೊಟ್ಟು ಕಾರೇದಿನ್ನಿಗೆ ಹೊತ್ತೊಯ್ದ. ಅಲ್ಲಿಯವರು ಹೆಣವನ್ನು ಇಳಿಸಿಕೊಂಡರು, ಬಾಗಿಲನ್ನೂ ಇಟ್ಟುಕೊಂಡರು. ತಿರುಗಿ ಬಂದವನು ಉಳಿದ ಬಾಗಿಲನ್ನು ತಾನೇ ಕಡಿದು ಸುಟ್ಟು, ಇನ್ನು ಈ ಅಗಸಿಯನ್ನು ಯಾರೂ ಮುಚ್ಚಕೂಡದು ಎಂದನಂತೆ. ತೆರೆದಗಸಿಯ ಹೆಸರು ಹುಟ್ಟಿದ್ದು ಹೀಗೆ.

ನೀಲವ್ವನ ಹೆಸರು ವಂಶವೃಕ್ಷಕ್ಕೆ ಸೇರಬೇಕು, ನೀಲಿ ಹಲಗೆ ಇಳಿಯಬೇಕು ಎಂದು ನಾನು ಹಟ ಹಿಡಿದೆ. ಚಂದ್ರಾಮಣ್ಣ ಎಲೆಯಡಿಕೆ ಉಗಿದು ಬಂದು ಕೂತ. "ಊರೆಲ್ಲಾ ತಿರುಗಿ, ಮನಿ ಮರ್ಯಾದಿ ಕಳಿಯಾಕ ಇದ ಸಿಕ್ತೇನವ್ವಾ ನಿನಗ? ನಿನ್ನ ಕತಿ ಎಷ್ಟು ಚಂದ ಐತಿ! ಬೀಗರು ಬಂದ್ರ ಮೊದಲು ಅದನ್ನ ಓದಸ್ತೀನಿ."

"ಅದು ಸುಳ್ಳು ಅಣ್ಣಾ. ನಾನ ಹುಟ್ಟಿಸಿದ್ದು."

"ಹಂಗಂದ್ರ ಮತ್ತೂ ಚಲೋ ಆತು. ಹೊರಗಿನವರು ಹುಟ್ಟಿಸಿಲ್ಲಲ್ಲ!"

ಅವನನ್ನು ಬೈಯಲು ನನಗೆ ಬಾಯಿರಲಿಲ್ಲ. ಮನೆಯ ಹಿಂದಿನವರು ಒಂದು ಸೇರು ಜೋಳ ಕೊಟ್ಟು ನೀಲವ್ವನನ್ನು ಹಾಡಿನಿಂದ ಬಿಡಿಸುತ್ತಿದ್ದರು. ನಾನು ಅವಳನ್ನು ಪುಕ್ಕಟೆ ಅಳಿಸಿಹಾಕಿದ್ದೆ, ಅಣ್ಣನಿಗೆ ದಾನಿಯ ಪೇಟ ಬೇರೆ ಸುತ್ತಿದ್ದೆ.

ಆ ವಾರವೇ ಕಾರೇದಿನ್ನಿಗೆ ಹೋದೆ. ಚಾವಡಿಯ ಮುಂದೆ, ಚಹಾ ಅಂಗಡಿಯ ಪಕ್ಕ, ಎರಡು ಕಲ್ಲುಗಳ ಮೇಲೆ ಕಬ್ಬಿಣದ ಮೊಳೆಗಳ ಬಾಗಿಲು ಮಲಗಿತ್ತು. ನಾಲ್ಕಾರು ಜನ ಅದರ ಮೇಲೆ ಕೂತು ಹರಟುತ್ತಿದ್ದರು. ಅಂಗಡಿಯ ಮುದುಕಿ ತಾರವ್ವ, "ಬರ್ರಿ, ಕೂಡ್ರಿ. ಯಾರ ಪೈಕಿ ನೀವು?" ಎಂದಳು. ಎಷ್ಟೋ ಗಡಿಗಳಲ್ಲಿ ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟವಳು ನಾನು. ಇಲ್ಲಿ ಬಾಗಿಲಿನ ಮೊಳೆಗಳತ್ತ ನೋಡುತ್ತ ಹೇಳಿದೆ: "ತೆರೆದಗಸಿ. ಅಗಸಿಮನಿಯವರು." ಕೂತವರು ನನ್ನತ್ತ ತಿರುಗಿದರು. ತಾರವ್ವ ಒಳಗೆ ಹೋಗಿ ಚಾಪೆ ತಂದು ನೆಲಕ್ಕೆ ಹಾಸಿದಳು. "ನಿಮ್ಮವರಿಗೆ ಇದು. ಸಿಟ್ಟಿಲ್ಲವ್ವಾ, ಹಿಂದಿಂದ ಹಿಂಗ ನಡಕೊಂಡು ಬಂದೈತಿ." ಕೂತೆ. ಹಲಗೆಯ ಮೇಲಿನ ಕಥೆ ನನ್ನದೇ ಸುಳ್ಳು ಎಂದು ಒಪ್ಪಿಕೊಂಡೆ. ನೀಲವ್ವನ ಹೆಸರನ್ನು ನಮ್ಮ ಪುಸ್ತಕದಲ್ಲಿ ಹಾಕಿಸುತ್ತೇನೆ ಎಂದೆ, ದೊಡ್ಡ ಉಪಕಾರ ಮಾಡುವವಳಂತೆ. ತಾರವ್ವ ಚಹಾ ಸೋಸುತ್ತ, "ಇಲ್ಲಿ ಮನಿಗೊಬ್ಬಾಕಿ ನೀಲವ್ವ ಅದಾಳ. ನಿಮ್ಮ ಮನ್ಯಾಗ?" ಎಂದಳು.

ಏಳು ತಲೆಮಾರಿನಲ್ಲಿ ಒಬ್ಬಳೂ ಇರಲಿಲ್ಲ.

ವಂಶವೃಕ್ಷ ಅಚ್ಚಾಗಿದೆ. ದ್ಯಾವಪ್ಪನ ಪಕ್ಕದಲ್ಲಿ 'ತಂಗಿ ನೀಲವ್ವ' ಎಂದಿದೆ, ಅಷ್ಟೇ. ಅಷ್ಟಕ್ಕೇ ಚಂದ್ರಾಮಣ್ಣ ನನ್ನೊಡನೆ ತಿಂಗಳು ಮಾತು ಬಿಟ್ಟಿದ್ದ. ಹಲಗೆ ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆದೆ. ತೆರೆದಗಸಿ ನೋಡಲು ಬಂದವರು ಎರಡು ಹರದಾರಿ ಮುಂದೆ ಹೋಗಿ ಕಾರೇದಿನ್ನಿಯ ಬಾಗಿಲನ್ನೂ ನೋಡಬೇಕು. ಮೇಲೆ ಕೂತು ಚಹಾ ಕುಡಿಯಬಹುದು, ಯಾರೂ ಬೇಡವೆನ್ನುವುದಿಲ್ಲ. ಬಾಗಿಲಿನ ನಡುವಿಗಿಂತ ತುಸು ಮೇಲೆ, ಅದು ನಿಂತಿದ್ದಾಗ ಹೆಂಗಸಿನ ಕೈ ಬಡಿಯುವಷ್ಟು ಎತ್ತರದಲ್ಲಿ, ಮರದೊಳಗೆ ಹಸಿರು ಬಳೆಯ ಚೂರೊಂದು ನೆಟ್ಟಿದೆ. ಅಲ್ಲಿ ಕೂತವರಿಗೆ ಚುಚ್ಚುತ್ತದೆ. ಯಾರೂ ಅದನ್ನು ಕಿತ್ತಿಲ್ಲ.