ಕೂಡದ ಗೆರೆಗಳು

ಗುರು ಸಿದ್ಧಮಲ್ಲಯ್ಯನವರಿಗೆ ಕಣ್ಣು ಮಂಜಾಗುತ್ತಿತ್ತು. ನೆನಪೂ ಆಗೀಗ ಕೈಕೊಡುತ್ತಿತ್ತು. ಆಶ್ರಮದ ಮಕ್ಕಳಿಗೆ ರೇಖಾಗಣಿತ ಹೇಳಿಕೊಡುವ ಕೆಲಸವನ್ನು ಹಿರಿಯ ಶಿಷ್ಯ ಕೇತಯ್ಯನಿಗೆ ಒಪ್ಪಿಸಬೇಕೆಂದು ಅವರಿಗಿತ್ತು. ಕೇತಯ್ಯನಿಗೂ ಅದಕ್ಕಿಂತ ದೊಡ್ಡ ಆಸೆಯಿರಲಿಲ್ಲ.

ಒಂದು ಸಂಜೆ ಮಕ್ಕಳನ್ನೆಲ್ಲ ನದಿಯ ಮರಳಿನ ಮೇಲೆ ಕೂರಿಸಿ, ಗುರುಗಳು ಅವನನ್ನು ಕರೆದರು.

“ಮೂರು ಮೊಳ, ನಾಲ್ಕು ಮೊಳ, ಎಂಟು ಮೊಳ. ಈ ಬಾಹುಗಳ ತ್ರಿಭುಜ ಬರೆ. ಸರಿಯಾಗಿ ಬರೆದರೆ ನಾಳೆಯಿಂದ ಇವರೆಲ್ಲ ನಿನ್ನವರು.”

ಕೇತಯ್ಯ ಎಂಟು ಮೊಳದ ಗೆರೆ ಎಳೆದು ಎರಡು ತುದಿಗೂ ಗೂಟ ನೆಟ್ಟ. ಒಂದಕ್ಕೆ ಮೂರು ಮೊಳದ ಹಗ್ಗ ಕಟ್ಟಿ ಕಂಸ ಎಳೆದ. ಇನ್ನೊಂದಕ್ಕೆ ನಾಲ್ಕು ಮೊಳದ್ದು.

ಕಂಸಗಳು ಒಂದನ್ನೊಂದು ಮುಟ್ಟಲಿಲ್ಲ. ನಡುವೆ ಒಂದು ಮೊಳ ಬರಿ ಮರಳು.

ಅವನು ಗುರುಗಳ ಕಡೆ ನೋಡಿದ. ಅವರು ನಿಶ್ಚಿಂತೆಯಿಂದ ಕೂತಿದ್ದರು. ಕೇತಯ್ಯ ಒಂದು ಗೂಟ ಕಿತ್ತು ಎರಡು ಮೊಳ ಒಳಗೆ ನೆಟ್ಟ. ಹಳೆಯ ಗೆರೆಯನ್ನು ಕಾಲಿನಿಂದ ಸವರಿ ಮತ್ತೆ ಎಳೆದ. ಈಗ ಕೂಡಿತು.

“ಆಯಿತು, ಗುರುಗಳೇ.”

ಗುರುಗಳು ಮೊಣಕಾಲೂರಿ, ಮರಳಿನ ಮೇಲೆ ಕೈ ಇಟ್ಟಿಟ್ಟು ಅಳೆದರು.

“ಎಂಟು ಹೇಳಿದ್ದೆ. ಇಲ್ಲಿ ಆರೇ ಇದೆ.”

“ಇದೂ ತ್ರಿಭುಜವೇ, ಗುರುಗಳೇ.”

“ಮಾವಿನಕಾಯಿ ಕೇಳಿದರೆ ಹುಣಸೆಹಣ್ಣು ತಂದು, ಇದೂ ಹುಳಿಯೇ ಅನ್ನುತ್ತೀಯೇನು?”

ಮಕ್ಕಳು ನಕ್ಕರು. ಕೇತಯ್ಯ ತಲೆ ತಗ್ಗಿಸಿದ.

ಗುರುಗಳು ಮಕ್ಕಳನ್ನು ಕೈಕಾಲು ತೊಳೆದು ಬರಲು ಕಳಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಉಳಿದ ಎರಡು ಮೊಳ ಎಲ್ಲಿ ಬಚ್ಚಿಟ್ಟೆ ಎಂದು ಮೆಲ್ಲಗೆ ಕೇಳಿದರು.

ಕೇತಯ್ಯ ಹೇಳಿಬಿಟ್ಟ. ಮೂರೂ ನಾಲ್ಕೂ ಸೇರಿದರೂ ಎಂಟಕ್ಕೆ ಸಾಲುವುದಿಲ್ಲ. ತಾನು ಚಿಕ್ಕವನಿದ್ದಾಗ ಗುರುಗಳು ಇದೇ ಲೆಕ್ಕ ಕೊಟ್ಟಿದ್ದರು, ಆಗ ಆರು ಎಂದಿದ್ದರು. ಇವತ್ತು ಮರೆತಿದ್ದಾರೆ ಎಂದು ಅವನಿಗೆ ತಿಳಿಯಿತು.

“ಮಕ್ಕಳೆದುರು ಹೇಗೆ ಹೇಳಲಿ, ಗುರುಗಳೇ?”

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ನನ್ನ ತಪ್ಪಿಗೆ ಕಂಬಳಿ ಹೊದಿಸಿದೆ. ಅದಕ್ಕೆ ಚಳಿಯಾಗಿರಲಿಲ್ಲ, ಮಗು. ನಾನು ಹೇಳಿದ್ದನ್ನೇ ಬರೆ.”

ಕೇತಯ್ಯ ಗೂಟವನ್ನು ಮೊದಲಿನ ಜಾಗಕ್ಕೆ ನೆಟ್ಟು ಬರೆದ. ಮಕ್ಕಳು ಬಂದು ಸುತ್ತ ನಿಂತರು. ತಾನು ಕೊಟ್ಟ ಅಳತೆ ಕೂಡುತ್ತದೆಯೇ ನೋಡಿ ಎಂದರು ಗುರುಗಳು. ಎಲ್ಲರಿಗಿಂತ ಚಿಕ್ಕವಳಾದ ನೀಲವ್ವ ಹಗ್ಗವನ್ನು ಶಕ್ತಿಮೀರಿ ಜಗ್ಗಿದಳು. ಅದು ಉದ್ದವಾಗಲಿಲ್ಲ. ಹಾಗಾದರೆ ಗುರುಗಳಿಗೂ ಲೆಕ್ಕ ತಪ್ಪುತ್ತದೆಯೇ ಎಂದು ಕೇಳಿದಳು.

“ಕೇತಯ್ಯನನ್ನು ಕೇಳು,” ಎಂದರು ಅವರು.

ಎಲ್ಲರೂ ಅವನ ಕಡೆ ತಿರುಗಿದರು.

“ತಪ್ಪುತ್ತದೆ,” ಎಂದ ಕೇತಯ್ಯ, ಗುರುಗಳ ಮುಖ ನೋಡದೆ.

ಮಕ್ಕಳಿಗಿಂತ ಜೋರಾಗಿ ನಕ್ಕವರು ಗುರುಗಳೇ.

ಊಟದ ಹೊತ್ತಾಯಿತು. ಮಕ್ಕಳು ಓಡಿದರು. ಕೆಲಸ ತನಗೆ ಸಿಗುವುದೋ ಇಲ್ಲವೋ ಎಂದು ಕೇಳುವ ಧೈರ್ಯ ಕೇತಯ್ಯನಿಗೆ ಬರಲಿಲ್ಲ. ಹಗ್ಗ ಸುತ್ತಿಟ್ಟು, ಗೂಟ ಕಿತ್ತು, ಗೆರೆಗಳನ್ನು ಅಳಿಸಲು ಬಗ್ಗಿದ.

“ಬಿಡು,” ಎಂದರು ಗುರುಗಳು. “ನಾಳೆ ನೀನು ಪಾಠ ಶುರು ಮಾಡುವುದು ಅಲ್ಲಿಂದಲೇ.”