ಕ್ಯೂಟ್ ಕಳೆದುಕೊಂಡ ಅಕ್ಷರ

ಇಂಗ್ಲಿಷ್ ಮೇಡಂ ಮನೆಯ ಬೆಕ್ಕು ಗುಂಡುಮಲ್ಲಿಗೆ ತಾನು ಕ್ಯೂಟ್ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಗೆ ಬಂದವರೆಲ್ಲ ಗಲ್ಲ ಹಿಂಡಿ ಹಾಗೆಂದೇ ಹೇಳುತ್ತಿದ್ದರು. ಒಂದು ದಿನ ಅವಳು ಪುಸ್ತಕದ ಬೀರುವಿನ ಹಿಂದೆ ಹೊಂಚು ಹಾಕಿ ಒಂದು ಇಲಿಯನ್ನು ಬಾಯಲ್ಲಿ ಕಚ್ಚಿ ಹಿಡಿದಳು.

"ಅಮ್ಮಾವ್ರೇ, ನಿಮ್ಮನ್ನು ಎಲ್ಲರೂ ಕ್ಯೂಟ್ ಅಂತಾರಲ್ಲ, ಆ ಪದದ ಮೂಲ ಗೊತ್ತೇ?" ಎಂದಿತು ಇಲಿ. "ನಾನು ಮೇಡಂ ಡಿಕ್ಷನರಿಯನ್ನು ರಟ್ಟು ಸಮೇತ ತಿಂದವನು."

"ಊಹೂಂ," ಎಂದಳು ಗುಂಡುಮಲ್ಲಿ, ಬಾಯಿ ಬಿಡದೆ.

"ಅದು ಮೊದಲು 'ಅಕ್ಯೂಟ್' ಆಗಿತ್ತು. ಚೂಪು, ಚುರುಕುಬುದ್ಧಿ ಎಂದರ್ಥ. ಜನ ಮೊದಲಿನ 'ಅ'ವನ್ನು ನುಂಗಿಬಿಟ್ಟರು. ಅದರ ಬೆನ್ನಿಗೇ ಬುದ್ಧಿಯೂ ಹೋಗಿ, ಮುದ್ದು ಮುಖ ಮಾತ್ರ ಉಳಿಯಿತು."

ಇಷ್ಟು ದಿನ ತನ್ನನ್ನು ಬರೀ ಮುಖವೆಂದು ಹೊಗಳಿದರೇ! ಗುಂಡುಮಲ್ಲಿಗೆ ಮೈಯೆಲ್ಲ ಉರಿದುಹೋಯಿತು. "ಹೂಂ?" ಎಂದು ಗುರುಗುಟ್ಟಿದಳು.

"ಬೇಜಾರು ಮಾಡ್ಕೋಬೇಡಿ. ಆ 'ಅ'ವನ್ನು ನೀವೇ ವಾಪಸು ಸೇರಿಸಿಕೊಳ್ಳಬಹುದು. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಬೇಕು, ಅಷ್ಟೇ."

ಗುಂಡುಮಲ್ಲಿ ಎದೆಯುಬ್ಬಿಸಿ, ಕಣ್ಣು ಮುಚ್ಚಿ, "ಅ..." ಎಂದಳು.

ಬಿಲದೊಳಗಿಂದ ಇಲಿಯ ದನಿ ಬಂತು: "ಹಳೇ ಅರ್ಥ ನನ್ನ ಹತ್ತಿರವೇ ಇರಲಿ, ಅಮ್ಮಾವ್ರೇ. ಹೊಸ ಅರ್ಥದಲ್ಲಿ ನೀವು ತುಂಬಾ ಕ್ಯೂಟ್!"