ಬೇಸಗೆಯಲ್ಲಿ ಹೇಳದ ಕತೆ

"ಗುರುಗಳೇ, ಹಿರಿಯರ ಕಟ್ಟಳೆಯನ್ನು ಮೀರಿದವನಿಗೆ ಗತಿಯುಂಟೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು: "ಮೀರದವಳೊಬ್ಬಳ ಕತೆ ಕೇಳು.

ಕಡಲಾಚೆ, ಅಮೆರಿಕದ ಪಡುವಣ ಕಣಿವೆಯೊಂದರಲ್ಲಿ ಕಲಪೂಯ ಎಂಬ ಜನರಿದ್ದರು. ಗೆಡ್ಡೆ ಅಗೆದು, ಬೇಯಿಸಿ ತಿಂದು ಬಾಳುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿಗೆ ಹಳೆಯ ಕತೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಅವುಗಳಲ್ಲಿ ಒಂದು ಹೀಗಿತ್ತು: ಲೋಕದ ನೀರನ್ನೆಲ್ಲ ಕಪ್ಪೆಗಳು ಕಟ್ಟೆ ಕಟ್ಟಿ ಹಿಡಿದಿಟ್ಟಿದ್ದವು. ಕಯೋಟಿ ಎಂಬ ನರಿ ನೀರು ಕುಡಿಯುವ ನೆಪದಲ್ಲಿ ತಲೆ ಮುಳುಗಿಸಿ, ಕಟ್ಟೆಯ ಬುಡವನ್ನು ಕೆರೆದು ಒಡೆಯಿತು. ಅಂದಿನಿಂದ ನೀರು ಎಲ್ಲರದಾಯಿತು. ಅವಳ ಕತೆಗಳಲ್ಲಿ ಇದೇ ದೊಡ್ಡದು. ಆದರೆ ಕತೆಯನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು. ಬೇಸಗೆಯಲ್ಲಿ ಹೇಳಿದರೆ ಊರಿಗೆ ಕೇಡು. ಇದು ಅವಳಿಗೆ ಅವಳ ಅಜ್ಜಿ ಹೇಳಿಕೊಟ್ಟ ಕಟ್ಟಳೆ.

ಒಂದು ಬೇಸಗೆಯಲ್ಲಿ, ಕಡಲಿನಿಂದ ವ್ಯಾಪಾರಕ್ಕೆ ಬಂದ ಬಿಳಿಯ ಹಡಗಿನವರ ಬೆನ್ನಿಗೇ ಜ್ವರ ಬಂತು. ಆ ಜನ ಅಂಥ ಜ್ವರವನ್ನು ಕಂಡಿರಲಿಲ್ಲ. ಮೈ ಸುಡುತ್ತದೆಂದು ಹೊಳೆಗೆ ಇಳಿದವರು ನಡುಗುತ್ತ ಮೇಲೆ ಬಂದು ಸತ್ತರು. ಹೂಳುವವರೂ ಸತ್ತರು. ಮುದುಕಿಯ ಮಗಳು ಹೋದಳು, ಅಳಿಯ ಹೋದ. ಉಳಿದ ಮೊಮ್ಮಗಳೂ ಹಾಸಿಗೆ ಹಿಡಿದಳು.

ಹುಡುಗಿ, 'ಅಜ್ಜಿ, ಕಪ್ಪೆಗಳ ಕತೆ ಹೇಳು' ಎಂದಳು.

'ಚಳಿ ಬರಲಿ, ಮಗೂ. ಆಗ ಮೊದಲಿನಿಂದ ಹೇಳುತ್ತೇನೆ.'

'ಆಗ ನಾನು ಇರುತ್ತೇನಾ?'

ಕತೆ ಮುದುಕಿಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಊರಿನಲ್ಲಿ ಉಳಿದ ನಾಲ್ಕು ಜನ ಅಕ್ಕಪಕ್ಕದ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿದ್ದರು. ತನ್ನ ಮಾತಿನಿಂದ ಅವರಿಗೆ ಕೇಡಾದೀತೆಂದು ಅಂಜಿದಳು. ಹುಡುಗಿಯ ತುಟಿಗೆ ನೀರು ಸವರುತ್ತ ಕುಳಿತಳು. ಮೂರನೆಯ ದಿನ ಹುಡುಗಿ ಕತೆ ಬೇಕೆಂದು ಕೇಳುವುದನ್ನು ಬಿಟ್ಟಳು. ಮರುದಿನ ಸತ್ತಳು. ತಿಂಗಳು ತುಂಬುವುದರೊಳಗೆ ಆ ನಾಲ್ವರೂ ಸತ್ತರು.

ಜ್ವರ ಮುದುಕಿಯನ್ನು ಮಾತ್ರ ಮುಟ್ಟಲಿಲ್ಲ. ಚಳಿಗಾಲ ಬಂತು. ಅವಳು ಬೆಂಕಿ ಹಾಕಿದಳು. ಊರಿನ ಚಾಪೆಗಳನ್ನೆಲ್ಲ ತಂದು ಸುತ್ತ ಹಾಸಿದಳು. ಒಂದು ಮಾತೂ ಬಿಡದೆ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು."

ಶಿಷ್ಯನು, "ಅವಳು ಮಾಡಿದ್ದು ತಪ್ಪೇ, ಗುರುಗಳೇ?" ಎಂದನು.

ಗುರುಗಳು ಹೇಳಿದರು: "ಕತೆ ಮುಗಿಸಿ ಅವಳೂ ಅದನ್ನೇ ಕೇಳಿದಳು, ಉತ್ತರ ಹೇಳಲು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ."